ಎರಡು ತಾಸು ಹತ್ತು ನಿಮಿಷ

ಅಕ್ಷಿತಾಳ ಸಿಟ್ಟು ಎಂಥದ್ದು ಅನ್ನೋದು ಸಿರುಗುಪ್ಪದ ಅವರ ಓಣಿಗೆಲ್ಲ ಗೊತ್ತು. ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಊಟದಲ್ಲಿ ಅರ್ಧವೇ ಸೌಟು ಸಾರು ಹಾಕಿದರು ಅಂತ, ತಟ್ಟೆಯನ್ನು ಹಾಗೇ ಎತ್ತಿಕೊಂಡು ಹೋಗಿ ಹೆಡ್‌ಮಾಸ್ತರ ಮೇಜಿನ ಮೇಲೆ ಇಟ್ಟು ಬಂದವಳು ಅವಳು. ಸಾರು ಹಾಜರಿ ಪುಸ್ತಕಕ್ಕೆ ಇಳಿದು ದೊಡ್ಡ ರಂಪವಾಗಿತ್ತು. ಅಂಥವಳಿಗೆ ಈ ವರ್ಷ ಸಿಟ್ಟು ಬಂದದ್ದು ತನ್ನ ಮೇಲೆಯೇ. ಬೇರೆಯವರ ಮೇಲೆ ಬಂದರೆ ನಾಲ್ಕು ಮಾತು ಜೋರಾಗಿ ಆಡಿ ಹಗುರಾಗಬಹುದು. ತನ್ನ ಮೇಲೆ ಬಂದದ್ದನ್ನು ಯಾರ ಮುಖಕ್ಕೆ ಎಸೆಯುವುದು?

ಅವಳು ಬಳ್ಳಾರಿಯಲ್ಲಿ ಎಂಬಿಎ ಎರಡನೆಯ ವರ್ಷ ಓದುತ್ತಿದ್ದಳು. ದಿನಾ ಬೆಳಿಗ್ಗೆ ಏಳರ ಬಸ್ಸಿಗೆ ಆಧಾರ್ ಕಾರ್ಡ್ ಹಿಡಿದು ಹತ್ತಿ, ಸೀಟು ಸಿಕ್ಕರೆ ಪುಸ್ತಕ ತೆಗೆದು, ಸಿಗದಿದ್ದರೆ ಕಂಬಿ ಹಿಡಿದು ನಿಂತೇ ಹೋಗಿ ಬರುವವಳು. ತರಗತಿಯಲ್ಲಿ ಹೇಳಿಕೊಡುತ್ತಿದ್ದದ್ದೆಲ್ಲ ಜಪಾನಿನ ಕಾರು ಕಾರ್ಖಾನೆ, ಅಮೆರಿಕದ ಬರ್ಗರ್ ಅಂಗಡಿ, ಸ್ವೀಡನ್ನಿನ ಕುರ್ಚಿ ಮೇಜು. ಬರ್ಗರ್ ಮಾಡುವವನ ಕೈ ಎಷ್ಟು ಸೆಕೆಂಡಿಗೆ ಎಲ್ಲಿಗೆ ಹೋಗಬೇಕು ಅನ್ನೋದನ್ನ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಒಂದು ದಿನ ತಡೆಯಲಾರದೆ ಎದ್ದು ನಿಂತಳು.

"ಮೇಡಂ, ನಮ್ಮ ಕಡೆ ಯಾರೂ ಕೆಲಸಾನೇ ಮಾಡಲ್ವಾ? ಒಂದಾದರೂ ಉದಾಹರಣೆ ಇಲ್ಲಿಂದು ಕೊಡಬಹುದಲ್ಲ?"

ಪಾಠ ಮಾಡುತ್ತಿದ್ದ ಶೈಲಜಾ ಮೇಡಂ ಕೆಟ್ಟವರೇನಲ್ಲ. ಕನ್ನಡಕ ಸರಿ ಮಾಡಿಕೊಂಡು ನಕ್ಕರು. "ಇದೆಯಲ್ಲ, ನೀನೇ ತಂದುಕೊಡು. ಈ ಸಲದ ಪ್ರಾಜೆಕ್ಟು ಅದೇ ಆಗಲಿ. ನಿಮ್ಮೂರಿನ ಒಂದು ಉದ್ಯಮಕ್ಕೆ ಹೋಗು, ಕೆಲಸವನ್ನು ಅಳೆದು ನೋಡು, ವ್ಯರ್ಥ ಎಲ್ಲಿದೆ ಕಂಡುಹಿಡಿ. ಆದರೆ ನನಗೆ ಕಥೆ ಬೇಡ, ಅಂಕಿ ಬೇಕು."

ಸಿರುಗುಪ್ಪದಲ್ಲಿ ಉದ್ಯಮ ಅಂದರೆ ಅಕ್ಕಿ ಗಿರಣಿ. ಅಕ್ಷಿತಾಳ ಅವ್ವ ಹಂಪಕ್ಕ ಹದಿನಾಲ್ಕು ವರ್ಷದಿಂದ ಚನ್ನಬಸವರಾಜನ ಮಿಲ್ಲಿನಲ್ಲಿ ದುಡಿಯುತ್ತಿದ್ದಳು. ಅದು ಭತ್ತವನ್ನು ಬೇಯಿಸಿ, ಬಿಸಿಲಿಗೆ ಒಣಗಿಸಿ, ಆಮೇಲೆ ಅಕ್ಕಿ ಮಾಡುವ ಮಿಲ್ಲು. ಒಣಗಿಸುವುದಕ್ಕೆ ಹಿಂಭಾಗದಲ್ಲಿ ಎರಡು ಎಕರೆಯಷ್ಟು ಸಿಮೆಂಟಿನ ಕಣ. ಮಿಲ್ಲಿನ ಮಾಲೀಕನನ್ನು ಎಲ್ಲರೂ ಧಣಿ ಅನ್ನುತ್ತಿದ್ದರು. ಹಂಪಕ್ಕ ಸೆರಗು ಹೊದ್ದು ಧಣಿಯ ಮುಂದೆ ನಿಂತು, "ನನ್ನ ಮಗಳು ದೊಡ್ಡ ಓದು ಓದಾಕತ್ಯಾಳ್ರೀ ಧಣೇರ, ಹದಿನೈದು ದಿನ ಕಣದಾಗ ನಿಂತು ನೋಡ್ತಾಳಂತ" ಅಂತ ಕೇಳಿಕೊಂಡಳು. ಧಣಿಯದು ದೊಡ್ಡ ಮನಸ್ಸು! "ನೋಡ್ಲಿ ಬಿಡವ್ವ, ನೋಡಿದ್ರ ಏನ್ ಸವೀತೈತಿ" ಅಂದ.

ಅಷ್ಟೇ ಅಲ್ಲ, ಹಂಪಕ್ಕ ಜೊತೆಯ ಹದಿನೇಳು ಹೆಂಗಸರಿಗೂ ಹೇಳಿಟ್ಟಳು: "ನಮ್ಮ ಹುಡುಗಿ ಬರ್ತಾಳ, ಏನ್ ಕೇಳಿದ್ರೂ ಮುಚ್ಚಿಡಬ್ಯಾಡ್ರಿ, ಎಲ್ಲಾ ಹೇಳ್ರಿ." ಅವರು ಮುಚ್ಚಿಡಲಿಲ್ಲ. ತಮ್ಮ ಬುತ್ತಿಯ ಜೋಳದ ರೊಟ್ಟಿ ಮುರಿದು ಕೊಟ್ಟರು, ಬಿಸಿಲಿಗೆ ತಲೆ ಸುಡುತ್ತದೆ ಅಂತ ತಮ್ಮದೇ ಟವೆಲ್ಲು ಹೊದಿಸಿದರು, ಕಾಲಿಗೆ ಬೊಬ್ಬೆ ಬರುತ್ತದೆ ಅಂತ ಚಪ್ಪಲಿ ಬಿಡಬೇಡ ಅಂದರು. ಅವರ ಕಾಲು ಮಾತ್ರ ಬರಿಗಾಲು. ಬೇಯಿಸಿದ ಭತ್ತವನ್ನು ಕಣದ ತುಂಬ ಹರಡಿ, ಪಾದವನ್ನು ಎಳೆಯುತ್ತ ನಡೆದರೆ ಸಾಲು ಮಗುಚುತ್ತದೆ. ಬಳ್ಳಾರಿಯ ಬಿಸಿಲು, ಕೆಳಗೆ ಕಾದ ಸಿಮೆಂಟು, ಮಧ್ಯೆ ಆವಿ ಏಳುವ ಭತ್ತ. ಹೋಗಿ ಹತ್ತು ಹೆಜ್ಜೆ ನಡೆದು ನೋಡಿ, ಆಮೇಲೆ ಉತ್ಪಾದಕತೆಯ ಬಗ್ಗೆ ಪಾಠ ಮಾಡಿ!

ಕಣಕ್ಕೆ ದೊಡ್ಡವಳು ಪಕ್ಕೀರಮ್ಮ. ಅರವತ್ತರ ಮೇಲೆ ವಯಸ್ಸು, ತೆಕ್ಕಲಕೋಟೆಯಿಂದ ಮದುವೆಯಾಗಿ ಬಂದವಳು, ಗಂಡ ಸತ್ತ ಮೇಲೆ ಇದೇ ಕಣದಲ್ಲಿ ಮೂವತ್ತು ವರ್ಷ ಸವೆಸಿದವಳು. ಅವಳ ಬಾಯಿಯ ಎಡಗಡೆಯ ಹಲ್ಲುಗಳು ತಗ್ಗಾಗಿ ಸವೆದಿದ್ದವು. ಯಾಕೆಂದರೆ ಹೊತ್ತು ಏರುತ್ತಿದ್ದಂತೆ ಅವಳು ಆಗಾಗ ಬಗ್ಗಿ ಒಂದು ಕಾಳು ಎತ್ತಿ ಎಡಗಡೆಯ ಹಲ್ಲಿಗಿಟ್ಟು ಕಟ್ ಅನ್ನಿಸುತ್ತಿದ್ದಳು. ಕಾಳು ಹೇಗೆ ಮುರಿಯಿತು ಅನ್ನೋದರ ಮೇಲೆ ಅವಳ ಲೆಕ್ಕ. ಒಂದು ಹಂತಕ್ಕೆ ಬಂದ ಕೂಡಲೇ "ಕೂಡಸ್ರೇ!" ಅಂತ ಕೂಗುವಳು. ಎಲ್ಲ ಹೆಂಗಸರೂ ಹಲಗೆ ಹಿಡಿದು, ಇನ್ನೂ ಅರೆ ಹಸಿಯಾಗಿರುವ ಭತ್ತವನ್ನು ಎಳೆದು ರಾಶಿ ಮಾಡಿ, ಮೇಲೆ ತಾಡಪತ್ರಿ ಹೊದಿಸಿ, ಕಣದ ಅಂಚಿನ ಮರದ ನೆರಳಿಗೆ ಕುಳಿತುಬಿಡುವರು. ಬಿಸಿಲು ನೆತ್ತಿಯ ಮೇಲೆ ಧಗಧಗ ಅನ್ನುತ್ತಿರುವಾಗ, ಒಣಗಿಸಬೇಕಾದ ಭತ್ತವನ್ನು ಮುಚ್ಚಿಟ್ಟು ಕೂರುವುದು! ಆಮೇಲೆ ಪಕ್ಕೀರಮ್ಮ ಮೊಣಕೈ ತನಕ ರಾಶಿಯೊಳಗೆ ಕೈ ತೂರಿಸಿ, "ಹರಡ್ರಿ ಇನ್ನ" ಅನ್ನುವ ತನಕ ಯಾರೂ ಏಳುವ ಹಾಗಿಲ್ಲ.

ಅಕ್ಷಿತಾ ಮೊಬೈಲಿನ ಗಡಿಯಾರ ಒತ್ತಿ, ಪ್ಯಾಡು ಹಿಡಿದುಕೊಂಡು ಅವರ ಎದುರಿಗೆ ನಿಂತಳು.

"ಅಜ್ಜಿ, ಈಗ ಏನ್ ಮಾಡಾಕತ್ತೀರಿ?"

"ಏನಿಲ್ಲವ್ವ, ಕುಂತೀವಿ," ಅಂದಳು ಪಕ್ಕೀರಮ್ಮ.

ಹದಿನೈದು ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಯಾರನ್ನು ಕೇಳಿದರೂ, ತನ್ನ ಅವ್ವನನ್ನು ಕೇಳಿದರೂ, "ಏನಿಲ್ಲ, ಕುಂತೀವಿ." ಈ ಹೆಂಗಸರ ರೂಢಿಯೇ ಅದು. ಬೆಳಿಗ್ಗೆ ನಾಲ್ಕಕ್ಕೆದ್ದು ಮನೆ ಮಂದಿಗೆಲ್ಲ ರೊಟ್ಟಿ ಬಡಿದವಳನ್ನು ಏನು ಮಾಡ್ತಿದ್ದಿ ಅಂತ ಕೇಳಿ, ಏನಿಲ್ಲ ಅನ್ನುತ್ತಾಳೆ. ಕೈಕಾಲು ಆಡಿದರೆ ಮಾತ್ರ ಅವರ ಲೆಕ್ಕದಲ್ಲಿ ಕೆಲಸ. ಒಂದೇ ಒಂದು ಸಲ ಪಕ್ಕೀರಮ್ಮ ತಾಡಪತ್ರಿಯ ಅಂಚು ಸರಿಪಡಿಸುತ್ತ, "ನೆಲ್ಲು ಬೆವರ್ಲಿ ಬಿಡು" ಅಂತ ತನ್ನಷ್ಟಕ್ಕೆ ಅಂದದ್ದು ಅಕ್ಷಿತಾಳ ಕಿವಿಗೆ ಬಿತ್ತು. ಅದನ್ನೂ ಒಂದು ಮೂಲೆಯಲ್ಲಿ ಬರೆದುಕೊಂಡಳು.

ವರದಿ ಚೆನ್ನಾಗಿ ಬಂತು. ಹರಡಲು ಎಷ್ಟು ಹೊತ್ತು, ಮಗುಚಲು ಎಷ್ಟು ಹೊತ್ತು, ನೀರು ಕುಡಿಯಲು ಎಷ್ಟು ಹೊತ್ತು, ಎಲ್ಲಕ್ಕೂ ಒಂದು ಕೋಷ್ಟಕ. ಅದರ ಕೊನೆಯ ಸಾಲು: ಖಾಲಿ ಸಮಯ, ದಿನಕ್ಕೆ ಸರಾಸರಿ ಎರಡು ತಾಸು ಹತ್ತು ನಿಮಿಷ. ಅದರ ಕೆಳಗೆ ಇನ್ನೊಂದು ಟಿಪ್ಪಣಿ: ಒಬ್ಬ ಹಿರಿಯ ಕೆಲಸಗಾರ್ತಿ ಕೇವಲ ಸೂಚನೆ ಕೊಡುತ್ತಾರೆ. ಅಕ್ಷಿತಾ ಅಲ್ಲಿಗೇ ಬಿಟ್ಟಿರಲಿಲ್ಲ. ಭತ್ತ ಬೆವರಬೇಕು ಅಂತ ಕೆಲಸಗಾರ್ತಿಯರು ಹೇಳುತ್ತಾರೆ, ಇದನ್ನು ಪರಿಶೀಲಿಸಬೇಕು, ಅಂತಲೂ ಒಂದು ಸಾಲು ಸೇರಿಸಿದ್ದಳು. ಶೈಲಜಾ ಮೇಡಂ ಆ ಸಾಲಿನ ಮೇಲೆ ಕೆಂಪು ಪೆನ್ನಿನಿಂದ ಉದ್ದಕ್ಕೆ ಒಂದು ಗೆರೆ ಎಳೆದರು.

"ಇದಕ್ಕೆ ಪುರಾವೆ ಎಲ್ಲಿದೆ? ಯಾರೋ ಅಂದರಂತೆ ಅನ್ನೋದು ಅಂಕಿ ಅಲ್ಲ. ತೆಗೆದುಬಿಡು, ಉಳಿದದ್ದು ಬಹಳ ಚೆನ್ನಾಗಿದೆ."

ತೆಗೆದುಬಿಟ್ಟಳು. ಅರ್ಧ ಸೌಟು ಸಾರಿಗೆ ಜಗಳ ಆಡಿದವಳು ಇಲ್ಲಿ ತುಟಿ ಪಿಟಕ್ಕೆನ್ನದೆ ತೆಗೆದುಬಿಟ್ಟಳು. ಬಹಳ ಚೆನ್ನಾಗಿದೆ ಅಂದರಲ್ಲ, ಅಷ್ಟಕ್ಕೇ ಉಬ್ಬಿಹೋಗಿದ್ದಳು.

ವರದಿಗೆ ಮಿಲ್ಲಿನ ಮೊಹರು ಬೇಕಿತ್ತು. ಧಣಿ ಕನ್ನಡಕ ಹಾಕಿಕೊಂಡು ಹಾಳೆ ತಿರುವುತ್ತ ಕೋಷ್ಟಕಕ್ಕೆ ಬಂದು ನಿಂತ. ಬೆರಳಿಟ್ಟು ಎರಡು ಸಲ ಓದಿದ. "ಎರಡು ತಾಸು! ಹದಿನೆಂಟು ಮಂದಿ! ಮೂವತ್ತು ವರ್ಷದಿಂದ ಇವರು ನನ್ನ ಕಣದಾಗ ಮಕ್ಕೊಂಡ್ ಹೋಗ್ಯಾರಲ್ಲ!" ಅಂತ ತೊಡೆ ತಟ್ಟಿಕೊಂಡ. ಅಕ್ಷಿತಾಳಿಗೆ ಒಂದು ಪೇಡ ತರಿಸಿಕೊಟ್ಟ. ಅವಳು ತಿಂದಳು ಕೂಡ. ಆಮೇಲೆ ಇವತ್ತಿನ ತನಕ ಅವಳು ಪೇಡ ಮುಟ್ಟಿಲ್ಲ.

ಮಾರನೆಯ ವಾರವೇ ಹೊಸ ಕಾನೂನು. ಭತ್ತ ಕೂಡಿಸುವ ಹಾಗಿಲ್ಲ, ಬೆಳಿಗ್ಗೆ ಹರಡಿದ್ದನ್ನು ಒಂದೇ ಸಮನೆ ಒಣಗಿಸಿ ಮಧ್ಯಾಹ್ನಕ್ಕೆ ಯಂತ್ರಕ್ಕೆ ಹಾಕಬೇಕು. ತೇವ ನೋಡಲು ಬಳ್ಳಾರಿಯಿಂದ ಒಂದು ಮೀಟರು ಬಂತು. ಮೀಟರು ಬಂದ ಮೇಲೆ ಹಲ್ಲು ಯಾಕೆ? ಗುಮಾಸ್ತ ಬಂದು ಕಣದ ಅಂಚಿನಲ್ಲೇ ನಿಂತು, "ಪಕ್ಕೀರಮ್ಮ, ನಾಳಿಂದ ನೀ ಬರಬ್ಯಾಡ, ನಿನ್ನದೇನ್ ಕೆಲಸ ಇಲ್ಲಂತ ರಿಪೋರ್ಟಿನಾಗ ಬಂದೈತಿ" ಅಂದ. ಮೂವತ್ತು ವರ್ಷ! ಒಳಗೆ ಕರೆದು ಹೇಳಲಿಲ್ಲ, ಕೂರಿಸಿ ಹೇಳಲಿಲ್ಲ. ಅವಳು ಕೈಲಿದ್ದ ಕಾಳನ್ನು ಮೆಲ್ಲಗೆ ಸಾಲಿಗೆ ಹಾಕಿ, ಬುತ್ತಿಯ ಗಂಟು ಎತ್ತಿಕೊಂಡು ಹೋದಳು.

ಆ ದಿನ ಸಂಜೆ ಹಂಪಕ್ಕ ಮನೆಗೆ ಬಂದು ಮಗಳನ್ನು ಮೇಲಿಂದ ಕೆಳಗೆ ನೋಡಿದಳು. "ಏನ್ ಬರದಿ?" ಅಂದಳು. ಅಕ್ಷಿತಾ ಬಾಯಿ ತೆರೆಯುವಷ್ಟರಲ್ಲಿ, "ನಾನ ಕರಕೊಂಡು ಹೋಗಿದ್ದೆ ನಿನ್ನ. ಮುಚ್ಚಿಡಬ್ಯಾಡ್ರಿ ಅಂತ ನಾನ ಅವರಿಗೆ ಹೇಳಿದ್ದೆ" ಅಂದವಳೇ ಒಳಗೆ ಹೋದಳು. ಅವತ್ತಿನಿಂದ ಮಗಳ ಜೊತೆ ಮಾತು ಬಂದ್. ಹೇಳಬೇಕಾದ್ದನ್ನೆಲ್ಲ ಗಂಡ ಉಚ್ಚೆಂಗೆಪ್ಪನ ಮೂಲಕ ಹೇಳುತ್ತಿದ್ದಳು. "ನಿನ್ನ ಮಗಳಿಗೆ ಹೇಳು, ಬುತ್ತಿ ಕಟ್ಟೇನಿ." "ನಿನ್ನ ಮಗಳಿಗೆ ಹೇಳು, ಬಸ್ಸಿನ ಹೊತ್ತಾತು." ಮಗಳು ಎರಡು ಮೊಳ ದೂರದಲ್ಲಿ ಕುಳಿತಿದ್ದರೂ ಹೀಗೆ. ಪಾಪ ಉಚ್ಚೆಂಗೆಪ್ಪ ಟ್ರ್ಯಾಕ್ಟರ್ ಓಡಿಸಿ ದಣಿದು ಬಂದವನು ಎರಡೂ ಕಡೆಯ ಮುಖ ನೋಡುತ್ತ ಊಟ ಮಾಡುತ್ತಿದ್ದ.

ಅಕ್ಷಿತಾ ಮೊದಲು ಅವ್ವನ ಮೇಲೇ ಸಿಡಿದಳು. "ನಾ ಸುಳ್ಳೇನ್ ಬರದಿಲ್ಲ! ನೀವ ಹೇಳಿದ್ರಿ ಏನಿಲ್ಲ ಕುಂತೀವಿ ಅಂತ!" ಅಂತ ಗೋಡೆಗೆ ಹೇಳಿದಳು. ಗೋಡೆಯಾದರೂ ಏನು ಹೇಳೀತು? ಅವಳು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಅನ್ನೋದೇ ಅವಳನ್ನು ಸುಡುತ್ತಿದ್ದದ್ದು.

ಮೂರು ವಾರ ಕಳೆಯಿತು. ಕಾಲೇಜಿನ ಫಲಕದಲ್ಲಿ ಚೀಟಿ ಬಿತ್ತು: ಅಕ್ಷಿತಾಳ ಪ್ರಾಜೆಕ್ಟಿಗೆ ಮೊದಲ ಬಹುಮಾನ, ತಿಂಗಳ ಕೊನೆಗೆ ಸೆಮಿನಾರು, ಮುಖ್ಯ ಅತಿಥಿ ಮಿಲ್ಲಿನ ಧಣಿ ಚನ್ನಬಸವರಾಜ. ಗೆಳತಿಯರು ಪಾರ್ಟಿ ಕೇಳಿದರು. ಶೈಲಜಾ ಮೇಡಂ ಬೆನ್ನು ತಟ್ಟಿ, "ಒಂದೇ ಕೊರತೆ, ಗ್ರಾಹಕರ ಅಭಿಪ್ರಾಯ ಇಲ್ಲ. ಆ ಅಕ್ಕಿ ಎಲ್ಲಿ ಮಾರಾಟ ಆಗುತ್ತೋ ಅಲ್ಲಿ ಹೋಗಿ ಕೇಳಿಕೊಂಡು ಬಾ" ಅಂದರು.

ಅಕ್ಕಿ ಮಾರಾಟ ಆಗುತ್ತಿದ್ದದ್ದು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಕೊಟ್ರಬಸಪ್ಪನ ಸಗಟು ಅಂಗಡಿಯಲ್ಲಿ. ತಳ್ಳುಗಾಡಿ, ಲಗೇಜ್ ಆಟೋಗಳ ಮಧ್ಯೆ ದಾರಿ ಮಾಡಿಕೊಂಡು ಅಕ್ಷಿತಾ ಒಳಗೆ ಹೋಗಿ, ಇಂಥ ಮಿಲ್ಲಿನ ಅಕ್ಕಿ ಹೇಗಿದೆ ಅಂತ ಕೇಳಿದ್ದೇ ತಡ, ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕುಳಿತಿದ್ದ ಮುದುಕ ಎದ್ದೇ ಬಿಟ್ಟ.

"ಅದನ್ನ ಅಕ್ಕಿ ಅಂತೀ ಏನಮ್ಮ? ಬಾ ಇಲ್ಲಿ ತೋರಸ್ತೀನಿ." ಎರಡು ಚೀಲದಿಂದ ಒಂದೊಂದು ಹಿಡಿ ಅಕ್ಕಿ ತೆಗೆದು ಹಾಳೆಯ ಮೇಲೆ ಹರವಿದ. ಒಂದು ಕಡೆ ಉದ್ದುದ್ದ ಇಡೀ ಕಾಳು. ಇನ್ನೊಂದು ಕಡೆ ಅರ್ಧಕ್ಕರ್ಧ ನುಚ್ಚು. "ಇದು ಸಂಕ್ರಾಂತಿ ಮುಂದ ಬಂದಿದ್ದು, ಇದು ಮೊನ್ನೆ ಬಂದಿದ್ದು. ಅದೇ ಮಿಲ್ಲು, ಅದೇ ನೆಲ್ಲು. ಒಂದು ಲಾರಿ ಮಾಲು ವಾಪಸ್ ಕಳಿಸೀನಿ. ಕೇಳಿದ್ರ ಬಾಯ್ಲರಿನವನ ತಪ್ಪು ಅಂತಾನ ನಿಮ್ಮ ಧಣಿ." ಒಂದು ಕಾಳನ್ನು ಎತ್ತಿ ಬೆಳಕಿಗೆ ಹಿಡಿದ. "ಗಡಬಡ ಮಾಡಿ ಒಣಗಿಸ್ಯಾರ. ಮ್ಯಾಲೆ ಒಣಗೇತಿ, ಒಳಗ ಹಸಿ ಐತಿ. ಯಂತ್ರಕ್ಕ ಹಾಕಿದ ಕೂಡ್ಲೆ ಮುರಿತೈತಿ. ಅಲ್ಲಮ್ಮ, ಆ ಕಣದಾಗ ಒಬ್ಬಾಕಿ ಮುದುಕಿ ಇದ್ಲಲ್ಲ, ಹಲ್ಲಿಲೆ ಕಚ್ಚಿ ನೋಡಾಕಿ. ತೀರಿಕೊಂಡ್ಲೇನು?"

ಅಕ್ಷಿತಾ ಇಲ್ಲ ಅಂತ ತಲೆಯಾಡಿಸಿದಳು. ಎರಡು ಹಿಡಿ ಅಕ್ಕಿಯನ್ನೂ ಬೇರೆಬೇರೆ ಪೊಟ್ಟಣ ಕಟ್ಟಿಸಿಕೊಂಡು ಅಂಗಡಿಯ ಮೆಟ್ಟಿಲು ಇಳಿದಳು. ಎರಡು ತಾಸು ಹತ್ತು ನಿಮಿಷ ಅವರು ಸುಮ್ಮನೆ ಕುಳಿತಿರಲಿಲ್ಲ. ಕಾಳಿನ ಒಳಗಿನ ಹಸಿ ಹೊರಗೆ ಬರುವ ತನಕ ಕಾಯುತ್ತಿದ್ದರು. ಕಾಯುವುದೂ ಕೆಲಸ ಅಂತ ಅವಳ ಯಾವ ಪುಸ್ತಕದಲ್ಲೂ ಇರಲಿಲ್ಲ. ಇದ್ದದ್ದು ಒಂದೇ ಸಾಲಿನಲ್ಲಿ, ಅವಳೇ ಬರೆದ ಸಾಲಿನಲ್ಲಿ. ಅದನ್ನೂ ಅಳಿಸಲು ಬಿಟ್ಟಿದ್ದಳು. ಥೂ ಅಂತ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳುವಷ್ಟು ಸಿಟ್ಟು ಬಂತು. ಸಿರುಗುಪ್ಪದ ಬಸ್ಸು ಹತ್ತಲಿಲ್ಲ. ಕುರುಗೋಡಿನ ಬಸ್ಸು ಹತ್ತಿದಳು.

ಪಕ್ಕೀರಮ್ಮ ಕುರುಗೋಡಿನಲ್ಲಿ ಮಗಳು ರಾಧಾಳ ಮನೆ ಸೇರಿದ್ದಳು. ದೊಡ್ಡಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ತಗಡಿನ ಮನೆ, ಮುಂದೆ ಮೆಣಸಿನಕಾಯಿಯ ಗುಡ್ಡೆ. ತಾಯಿ ಮಗಳು ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿದ್ದರು. ಅಕ್ಷಿತಾಳನ್ನು ನೋಡಿ ಪಕ್ಕೀರಮ್ಮ ಬಟ್ಟೆ ಕೆಳಗೆ ಎಳೆದಳು.

"ಬಾರವ್ವ ಬಾ. ಗಡಿಯಾರ ತಂದೀ ಏನು? ತೊಟ್ಟು ಮುರಿಯಾಕ ಎಷ್ಟು ಹೊತ್ತು ಬೇಕು ಅಂತ ಬರಕೊಂಡು ಹೋಗಾಕ ಬಂದೀ ಏನು?"

ಅಕ್ಷಿತಾ ಅಲ್ಲೇ ಕುಕ್ಕರಿಸಿ ಕುಳಿತಳು. "ಬೈರಿ ಅಜ್ಜಿ. ಬೈಸ್ಕೊಳ್ಳಾಕ ಬಂದೀನಿ."

"ಬೈದ್ರ ನನ್ನ ಬಾಯಿ ನೋಯ್ತೈತಿ. ನೀ ಕೇಳಿದಿ, ನಾ ಹೇಳಿದೆ. ನಿಂದೇನ್ ತಪ್ಪು? ನಿಂಗ ಓದಿಸಿದವರದು ತಪ್ಪು, ನಿಮ್ಮವ್ವನ ಹೊಟ್ಟಿದು ತಪ್ಪು!" ಮುದುಕಿಯ ದನಿ ಏರಿತು. "ಮೂವತ್ತು ವರ್ಷ ಕಣದಾಗ ಸುಟ್ಟುಕೊಂಡೀನಿ. ಒಂದ್ ದಿನ ನನ್ನ ಕೈಯಾಗಿನ ನೆಲ್ಲು ನುಚ್ಚಾಗಿಲ್ಲ. ನಿನ್ನದೇನ್ ಕೆಲಸ ಇಲ್ಲ ಅಂದ ಆ ಗುಮಾಸ್ತ, ಹದಿನೇಳು ಮಂದಿ ಮುಂದ! ಕೆಲಸ ಇಲ್ಲಂತ ನನಗ!"

ಅಕ್ಷಿತಾ ಪೊಟ್ಟಣ ಬಿಚ್ಚಿ ನುಚ್ಚು ತೋರಿಸಿದಳು. ಪಕ್ಕೀರಮ್ಮ ಖಾರದ ಕೈಯನ್ನು ಸೀರೆಗೆ ಒರೆಸಿಕೊಂಡು ಒಂದು ಕಾಳು ಮುಟ್ಟಿದಳು. ಅವಳ ಮುಖ ಸಿಟ್ಟಿನಿಂದ ಇನ್ನೊಂದು ಬಗೆಯ ಸಿಟ್ಟಿಗೆ ತಿರುಗಿತು. ತನ್ನ ಮೇಲಾದ ಅನ್ಯಾಯಕ್ಕಿಂತ ಈ ಕಾಳಿನ ಅವಸ್ಥೆ ಅವಳಿಗೆ ಹೆಚ್ಚು ಉರಿಯಿತು. "ಕೆಡಿಸಿಬಿಟ್ರಲ್ಲ ಬಾಡ್ಯಾಗಳು" ಅಂದಳು. "ಮಾಗಿದ ನೆಲ್ಲು, ಹೆಂಗ ಕೆಡಿಸ್ಯಾರ ನೋಡು!"

"ಅಜ್ಜಿ, ಧಣಿಗೆ ನಾ ಹೇಳ್ತೀನಿ. ಕರದ್ರ ಬರ್ತೀರಿ?"

"ಗುಮಾಸ್ತನ ಕಡಿಂದ ಹೇಳಿ ಕಳಿಸಿದ್ರ ಬರಾಂಗಿಲ್ಲ. ಬ್ಯಾಡ ಅಂದಿದ್ದು ಕಣದಾಗ, ಎಲ್ಲರ ಮುಂದ. ಬಾ ಅನ್ನೋದೂ ಕಣದಾಗ ಆಗಬೇಕು. ಧಣಿ ಬಾಯಿಂದ ಆಗಬೇಕು." ಅಷ್ಟು ಹೇಳಿ ಮತ್ತೆ ಮೂಗಿಗೆ ಬಟ್ಟೆ ಏರಿಸಿದಳು. ಅಕ್ಷಿತಾ ಸಂಜೆಯ ಬಸ್ಸಿನ ತನಕ ಅಲ್ಲೇ ಕುಳಿತು ತೊಟ್ಟು ಬಿಡಿಸಿದಳು. ಯಾರೂ ಬಿಡಿಸು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮಾರನೆಯ ದಿನವೂ ಅವಳ ಬೆರಳು ಉರಿಯುತ್ತಿತ್ತು.

ಸೆಮಿನಾರಿನ ದಿನ ಸಭಾಂಗಣ ತುಂಬಿತ್ತು. ಧಣಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಅವನು ಮೈಕು ಹಿಡಿದು, "ಈ ಹುಡುಗಿ ನಮ್ಮೂರಿನ ಹೆಮ್ಮೆ. ನನ್ನ ಮಿಲ್ಲಿನಾಗ ದಿನಾ ಎರಡು ತಾಸು ಕಳುವಾಗ್ತಿತ್ತು, ಕಳ್ಳರನ್ನ ಹಿಡಕೊಟ್ಟಾಳ" ಅಂದ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನವರು ನಕ್ಕರು.

ಕಳ್ಳರು! ಅಕ್ಷಿತಾ ತಾನು ಹೇಗೆ ಶುರು ಮಾಡಬೇಕು, ಯಾವ ಮಾತು ಮೊದಲು ಅಂತ ಎರಡು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು. ಅದೆಲ್ಲ ಹಾರಿಹೋಯಿತು. ಎದ್ದು ಹೋದವಳೇ ಪರದೆಯ ಮೇಲೆ ಆ ಕೋಷ್ಟಕ ಹಾಕಿಸಿದಳು. ಕೊನೆಯ ಸಾಲಿಗೆ ಕೈ ತೋರಿಸಿದಳು.

"ಈ ಸಾಲು ತಪ್ಪು. ಬರೆದವಳು ನಾನೇ. ಬಹುಮಾನ ಇದಕ್ಕೇ ಬಂದಿದ್ದರೆ ವಾಪಸ್ ತಗೊಳ್ಳಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಅವಳು ಮೈಕು ಹಿಡಿದೇ ಬಂದು ಅತಿಥಿಗಳ ಮೇಜಿನ ಬಿಳಿ ಬಟ್ಟೆಯ ಮೇಲೆ, ಧಣಿಯ ಎದುರಿಗೇ, ಎರಡೂ ಪೊಟ್ಟಣ ಸುರಿದಳು. ಇಡೀ ಕಾಳು ಒಂದು ಕಡೆ, ನುಚ್ಚು ಒಂದು ಕಡೆ. "ಇದು ಅವರು ಕುಂತಾಗಿನ ಅಕ್ಕಿ. ಇದು ಅವರನ್ನ ಎಬ್ಬಿಸಿದ ಮ್ಯಾಲಿನ ಅಕ್ಕಿ. ನೆಲ್ಲಿನ ಒಳಗಿನ ಹಸಿ ಹೊರಗ ಬರ್ಲಿ ಅಂತ ಮುಚ್ಚಿಟ್ಟು ಕಾಯ್ತಿದ್ರು. ನಾ ಅದನ್ನ ಖಾಲಿ ಸಮಯ ಅಂತ ಬರದೆ. ಇಲ್ಲಿ ಕಳ್ಳರು ಯಾರಾದ್ರೂ ಇದ್ರ ನಾನು. ಆ ಹೆಂಗಸರ ವಿದ್ಯೆ ನೋಡಿ ಬಂದು, ಅವರಿಗೇ ಕೆಲಸ ಇಲ್ಲ ಅಂತ ಬರದವಳು ನಾನು!" ಕಾಲೇಜಿನ ಕನ್ನಡ ಅವಳ ಬಾಯಿಂದ ಯಾವಾಗ ಜಾರಿತು ಅಂತ ಅವಳಿಗೇ ಗೊತ್ತಾಗಲಿಲ್ಲ.

ಧಣಿಯ ಮುಖ ಕೆಂಪಾಯಿತು. "ಏ ಹುಡುಗಿ," ಅಂದ, ಮೈಕಿಗೆ ಕೇಳದ ಹಾಗೆ. "ನಿಮ್ಮವ್ವ ಇನ್ನ ನಮ್ಮ ಮಿಲ್ಲಾಗ ಅದಾಳ. ನೆನಪೈತಿಲ್ಲ?"

"ನೆನಪೈತ್ರಿ ಧಣೇರ," ಅಂದಳು ಅವಳು, ಮೈಕಿಗೆ ಕೇಳುವ ಹಾಗೆ. "ಅದಕ್ಕ ಮಾತಾಡಾಕತ್ತೀನಿ."

ಧಣಿ ಎದ್ದು ಹೋಗುತ್ತಾನೆ ಅಂತ ಎಲ್ಲರೂ ಅಂದುಕೊಂಡರು. ಆದರೆ ಅವನ ಕಣ್ಣು ಮೇಜಿನ ಮೇಲೆ ಬಿದ್ದಿತ್ತು. ಎಷ್ಟೇ ಸೊಕ್ಕಿದ್ದರೂ ಅಕ್ಕಿಯಲ್ಲೇ ಹುಟ್ಟಿ ಬೆಳೆದವನು. ಬೇಡ ಬೇಡ ಅನ್ನುತ್ತಲೇ ಅವನ ಬೆರಳು ನುಚ್ಚಿನ ಕಡೆ ಹೋಯಿತು. ಒಂದು ಕಾಳನ್ನು ಉಗುರಿನಿಂದ ತಿರುಗಿಸಿ ನೋಡಿದ, ಇನ್ನೊಂದು ಕಡೆಯ ಇಡೀ ಕಾಳನ್ನೂ ತಿರುಗಿಸಿ ನೋಡಿದ. "ಮೀಟರಿನಾಗ ಸರಿ ತೋರಸ್ತಿತ್ತಲ್ಲ" ಅಂತ ಗೊಣಗಿದ. ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಹೊರಟುಹೋದ. ಹಣ್ಣಿನ ಬುಟ್ಟಿ ಅಲ್ಲೇ ಉಳಿಯಿತು.

ಬಹುಮಾನ ರದ್ದಾಯಿತು, ಅತಿಥಿಗೆ ಅವಮಾನ ಅಂತ ಪ್ರಿನ್ಸಿಪಾಲರಿಂದ ನೋಟಿಸೂ ಬಂತು. ಶೈಲಜಾ ಮೇಡಂ ಎರಡು ದಿನ ಮುಖ ಗಂಟಿಕ್ಕಿಕೊಂಡೇ ಇದ್ದರು. ಮೂರನೆಯ ದಿನ ಅವಳನ್ನು ಕರೆದು ಹಳೆಯ ಕರಡು ಪ್ರತಿ ತರಿಸಿಕೊಂಡು, ಕೆಂಪು ಗೆರೆ ಇದ್ದ ಪುಟದ ಮೇಲೆ ಬೆರಳಿಟ್ಟರು. "ಈ ಗೆರೆ ನಂದು" ಅಂದರು. ನೋಟಿಸಿನ ಉತ್ತರಕ್ಕೆ ಆ ಪುಟವನ್ನೂ ಲಗತ್ತಿಸಿ, ಕೆಳಗೆ ತಮ್ಮ ಸಹಿ ಹಾಕಿದರು.

ಮಿಲ್ಲಿನಿಂದ ಗುಮಾಸ್ತ ಕುರುಗೋಡಿಗೆ ಹೋದ, ಬರಿಗೈಯಲ್ಲಿ ಬಂದ. ಇನ್ನೊಂದು ಲಾರಿ ಅಕ್ಕಿ ಬ್ರೂಸ್‌ಪೇಟೆಯಿಂದ ವಾಪಸ್ಸು ಬಂತು. ಗುಮಾಸ್ತ ಮತ್ತೆ ಹೋದ, ಮತ್ತೆ ಬಂದ. ಕೊನೆಗೆ ಒಂದು ಶನಿವಾರ ಧಣಿಯ ಕಾರೇ ಹೋಗಿ ಪಕ್ಕೀರಮ್ಮನನ್ನು ಕಣದ ಅಂಚಿನ ತನಕ ಕರೆತಂದಿತು. ಅವಳು ಕಾರಿನಿಂದ ಇಳಿದು ಅಂಚಿನಲ್ಲೇ ನಿಂತಳು, ಒಳಗೆ ಕಾಲಿಡಲಿಲ್ಲ. ಹದಿನೇಳು ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಧಣಿ ಗಂಟಲು ಸರಿ ಮಾಡಿಕೊಂಡು, ಆಕಾಶ ನೋಡುತ್ತ, "ಬಾ ಪಕ್ಕೀರಮ್ಮ, ಬಾ ಇನ್ನ" ಅಂದ. ತಪ್ಪಾಯಿತು ಅನ್ನಲಿಲ್ಲ. ಅದಕ್ಕೆ ಯಾರೂ ಕಾದಿರಲೂ ಇಲ್ಲ. ಪಕ್ಕೀರಮ್ಮ ಚಪ್ಪಲಿ ಬಿಟ್ಟು ಭತ್ತದ ಮೇಲೆ ಕಾಲಿಟ್ಟಳು.

ಅಕ್ಷಿತಾ ಆ ದಿನ ಕಾಲೇಜಿಗೆ ಹೋಗಿರಲಿಲ್ಲ. ಹಳೆಯ ಪ್ಯಾಡನ್ನೇ ಹಿಡಿದುಕೊಂಡು ಕಣಕ್ಕೆ ಬಂದಿದ್ದಳು. ಹನ್ನೊಂದೂವರೆಗೆ ಪಕ್ಕೀರಮ್ಮ ಕಾಳು ಕಚ್ಚಿ "ಕೂಡಸ್ರೇ!" ಅಂದಳು. ಹೆಂಗಸರು ರಾಶಿ ಮಾಡಿ ತಾಡಪತ್ರಿ ಹೊದಿಸಿ ನೆರಳಿಗೆ ಕುಳಿತರು. ಹಂಪಕ್ಕ ಮಗಳ ಕಡೆ ನೋಡದೆ ಸಾಲಿನ ನಡುವೆ ಕುಳಿತು ಎಲೆಯಡಿಕೆಯ ಚೀಲ ಬಿಚ್ಚಿದಳು. ಇಷ್ಟೆಲ್ಲ ಆದರೂ ಅವಳ ಮೌನ ಮುರಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಧಣಿ ಬಂದ. ಅಭ್ಯಾಸ ಬಲ ನೋಡಿ, ಒಂದು ತಾಸಿನ ಹಿಂದೆ ತಾನೇ ಬಾ ಅಂದವನು, ಈಗ ಸಾಲಾಗಿ ಕುಳಿತ ಹೆಂಗಸರನ್ನು ಕಂಡ ಕೂಡಲೇ ಹುಬ್ಬು ಗಂಟಿಕ್ಕಿದ.

"ಏನ್ ನಡದೈತಿ ಇಲ್ಲಿ?"

ಧಡಕ್ಕನೆ ಎಲ್ಲರೂ ಸೆರಗು ಸರಿ ಮಾಡಿಕೊಂಡು ಏಳಲು ನೋಡಿದರು. ತುದಿಯಲ್ಲಿದ್ದವಳು ಬಾಯಿ ತೆರೆದೇ ಬಿಟ್ಟಳು. "ಏನಿಲ್ರೀ ಧಣೇರ, ಸುಮ್ನ..."

ಅಕ್ಷಿತಾಳ ಸಿಟ್ಟು ನೆತ್ತಿಗೇರಿತು. ಮತ್ತೆ ಅದೇ ಮಾತು! ಇದೇ ಮಾತಿಗೆ ಮೂವತ್ತು ವರ್ಷದ ಕೆಲಸ ಹೋಗಿತ್ತಲ್ಲ! ಕೂಗಿಬಿಡೋಣ ಅಂತ ಅವಳು ಉಸಿರೆಳೆದುಕೊಂಡಳು. ಆದರೆ ಅವಳಿಗಿಂತ ಮೊದಲು ಇನ್ನೊಂದು ದನಿ ಬಂತು.

"ಕುಂದ್ರಲೇ ಕೆಳಗ!" ಅಂದಳು ಹಂಪಕ್ಕ, ಎದ್ದವಳ ಸೀರೆ ಹಿಡಿದು ಜಗ್ಗಿ. ತಾನು ಕುಳಿತಲ್ಲಿಂದ ಅಲ್ಲಾಡಲಿಲ್ಲ. ಸುಣ್ಣ ಹಚ್ಚಿದ ಎಲೆ ಕೈಯಲ್ಲೇ ಇತ್ತು. ತಲೆಯೆತ್ತಿ ಧಣಿಯ ಮುಖವನ್ನೇ ನೋಡುತ್ತ, "ನೆಲ್ಲು ಬೆವರಸಾಕತ್ತೀವ್ರೀ ಧಣೇರ. ಕೆಲಸದಾಗ ಅದೀವಿ" ಅಂದಳು.

ಧಣಿ ರಾಶಿಯ ಕಡೆ ಒಮ್ಮೆ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿದ. ಪಕ್ಕೀರಮ್ಮ ತಾಡಪತ್ರಿ ಸರಿಸಿ, ಮೊಣಕೈ ತನಕ ರಾಶಿಯೊಳಗೆ ಕೈ ತೂರಿಸಿ, ಇನ್ನೂ ಹೊತ್ತು ಬೇಕು ಅಂತ ತಲೆಯಾಡಿಸಿದಳು.

ಅಕ್ಷಿತಾ ಪೆನ್ನು ಹಿಡಿದವಳು ಹಾಗೇ ನಿಂತಿದ್ದಳು. ಹಂಪಕ್ಕ ಎಲೆಯನ್ನು ಬಾಯಿಗಿಟ್ಟುಕೊಂಡು, ಒಂದೂವರೆ ತಿಂಗಳಾದ ಮೇಲೆ ಮೊದಲ ಸಲ ಮಗಳ ಕಡೆ ತಿರುಗಿದಳು.

"ಏನ್ ನೋಡ್ತಿ? ಬರಕೋ."